ಅವರ ಮಾತಲ್ಲೇ ಹೇಳು

ಅಕ್ಕನ ಎಡ ಕಣಕಾಲಿನಿಂದ ರಕ್ತ ಸಣ್ಣ ಗೆರೆಯಾಗಿ ಇಳಿದು ಬಿಳಿ ಸಾಕ್ಸಿನ ಅಂಚಿನಲ್ಲಿ ಹರಡಿಕೊಳ್ಳುತ್ತಿತ್ತು. ಅವರು ಮಾತ್ರ ನನ್ನ ಅರ್ಜಿ ಹಿಡಿದುಕೊಂಡು ಆರಾಮವಾಗಿ ಓದುತ್ತಿದ್ದರು. ಜಿಗಣೆ ಹೊಟ್ಟೆ ತುಂಬಿಸಿಕೊಂಡು ಆಗಲೇ ಕಳಚಿ ಮೇಜಿನ ಕೆಳಗೆ ಒಣದ್ರಾಕ್ಷಿಯ ಹಾಗೆ ಬಿದ್ದಿತ್ತು. ಇಂಟರ್‌ವ್ಯೂಗೆ ಬಂದವಳು ಇಂಥದ್ದನ್ನೆಲ್ಲ ಹೇಳಬಹುದೋ ಬಾರದೋ ಎಂದು ಸ್ವಲ್ಪ ಹೊತ್ತು ಒದ್ದಾಡಿ, "ಮೇಡಂ, ಕಾಲಲ್ಲಿ ರಕ್ತ ಬರ್ತಿದೆ" ಎಂದೆ. ಅವರು ಹಾಳೆ ತಿರುಗಿಸಿದರು. ಮಳೆಯ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಅವರು ನನ್ನ ಡಿಗ್ರಿಯ ಅಂಕಗಳನ್ನು ನೋಡುತ್ತಲೇ ಇದ್ದರು. ಕೊನೆಗೆ ಎದ್ದು ನಿಂತು ಬೆರಳು ತೋರಿಸಿದೆ.

"ಓ, ಇದಾ" ಎಂದು ಬಗ್ಗಿ ನೋಡಿದರು. ಬಾಗಿಲ ಬಳಿ, ಹಾಜರಿ ಹಾಕಲು ಬೆರಳು ಒತ್ತುವ ಯಂತ್ರದ ಕೆಳಗೆ, ಒಂದು ಉಪ್ಪಿನ ಡಬ್ಬಿ ಇತ್ತು. ಅದನ್ನು ತಂದು ಜಿಗಣೆಯ ಮೇಲೆ ಒಂದು ಚಿಟಿಕೆ ಹಾಕಿ, ಗಾಯಕ್ಕೆ ಹಳೆ ಪತ್ರಿಕೆಯ ಚೂರು ಅಂಟಿಸಿ, ನನ್ನ ಕಡೆ ನೋಡಿ, "ಮೊದ್ಲೇ ಹೇಳೋದಲ್ವಾ?" ಎಂದರು.

ನಾನು ತಬ್ಬಿಬ್ಬಾದೆ. ಮೊದಲೇ ಹೇಳಿದ್ದೆನಲ್ಲ! ಹೇಳಿದ್ದೆ ಎಂದರೆ ಎದುರುತ್ತರ ಕೊಟ್ಟ ಹಾಗಾಗುತ್ತದೆ, ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನೆ ಹಲ್ಲು ಕಿರಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತು, "ಸೋಮವಾರದಿಂದ ಬಾ" ಎಂದರು. ಬೇರೆ ಪ್ರಶ್ನೆಯೇ ಇಲ್ಲ. ನನ್ನನ್ನು ಯಾಕೆ ಆರಿಸಿದಿರಿ ಎಂದು ಬಹಳ ಕಾಲದ ನಂತರ ಕೇಳಿದ್ದಕ್ಕೆ, "ಬೇರೆ ಯಾರೂ ಬರ್ಲಿಲ್ಲ ಮಾರಾಯ್ತಿ" ಎಂದು ಬಿಟ್ಟರು.

ಅಮ್ಮತ್ತಿ ಪೇಟೆಯಲ್ಲಿ, ಕಾಫಿ ಬೀಜ ಕೊಳ್ಳುವ ಒಂದು ಗೋಡೌನಿನ ಮಹಡಿ ಮೇಲೆ, ತಗಡಿನ ಮಾಡಿನ ಮೂರು ಕೋಣೆಗಳೇ ನಮ್ಮ ಸಾಫ್ಟ್‌ವೇರ್ ಕಂಪನಿ. ಮಾಲೀಕರನ್ನೂ ಸೇರಿಸಿ ಒಂದು ಜೀಪಿನಲ್ಲಿ ಹಿಡಿಸುವಷ್ಟು ಜನ. ತೋಟದ ಆಳುಗಳ ಹಾಜರಿ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದ ತೂಕ, ದಿನದಿನದ ಮಳೆ, ಇವನ್ನೆಲ್ಲ ಮೊಬೈಲಿನಲ್ಲಿ ತುಂಬಿಸಿಡುವ ಸಾಫ್ಟ್‌ವೇರ್ ಮಾಡಿ ಕುಟ್ಟದಿಂದ ಗಾಳಿಬೀಡಿನವರೆಗೆ ಎಸ್ಟೇಟುಗಳಿಗೆ ಕೊಡುವುದು ನಮ್ಮ ಕಸುಬು. ಅದನ್ನು ಮೊದಲ ಅಕ್ಷರದಿಂದ ಬರೆದವರು ಅಕ್ಕ; ಆಫೀಸಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಮಾಲೀಕರನ್ನು ನಾವು ಸರ್ ಎನ್ನುತ್ತಿದ್ದೆವು. ಅವರು ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಿಂದ ಅಕ್ಕನಿಗೆ ಗೊತ್ತು, ಹಾಗಾಗಿ ಅಕ್ಕನ ಬಾಯಲ್ಲಿ ಅವರು "ಮೋನೆ". ಕೊಡವರಲ್ಲಿ ಚಿಕ್ಕ ಹುಡುಗರನ್ನು ಕರೆಯುವ ಮಾತು ಅದು.

ಅಕ್ಕನಿಗೆ ಐವತ್ತೈದು ದಾಟಿತ್ತು. ಚೂಡಿದಾರ, ಅದರ ಕೆಳಗೆ ಗಂಬೂಟು, ಕೈಯಲ್ಲಿ ಗಂಡಸರ ದೊಡ್ಡ ವಾಚು. ತಮ್ಮನ ಮನೆಯಿಂದ ತೋಟದ ಒಳದಾರಿ ಹಿಡಿದು ನಡೆದೇ ಬರುತ್ತಿದ್ದರು. ಬಂದ ಕೂಡಲೇ ಬೂಟು ಕಳಚಿ, ಜಿಗಣೆ ಹುಡುಕಿ, ಫ್ಲಾಸ್ಕಿನಿಂದ ಬೆಲ್ಲದ ಕಾಫಿ ಬಗ್ಗಿಸಿಕೊಂಡು ಕೂತರೆ ಮಧ್ಯಾಹ್ನದವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ ತಪ್ಪು ಕಾಣಿಸಿಕೊಂಡರೆ ಅದಕ್ಕೆ ಉತ್ತರ ಕೊಡುವ ಅಭ್ಯಾಸ. "ಗೊತ್ತಾಯ್ತು, ಗೊತ್ತಾಯ್ತು, ನೀನೊಬ್ಬ ಬುದ್ಧಿವಂತ" ಎಂದು ಕಂಪ್ಯೂಟರಿಗೆ ಬೈಯುವುದನ್ನು ಮೊದಲ ದಿನ ಕೇಳಿ ನನಗೇ ಹೇಳಿದ್ದೆಂದುಕೊಂಡು ಎದ್ದು ನಿಂತಿದ್ದೆ.

ನನ್ನ ಸಂಗತಿ ಇಷ್ಟು. ನನ್ನದು ಶನಿವಾರಸಂತೆ ಕಡೆ. ಬಿಸಿಎ ಮುಗಿಸಿ ಮೈಸೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಮದುವೆಯಾಗಿ, ಗಂಡ ಲೆಕ್ಕ ಬರೆಯುವ ರೈಟರ್ ಆಗಿರುವ ಅಮ್ಮತ್ತಿ ಹತ್ತಿರದ ಎಸ್ಟೇಟಿಗೆ ಬಂದವಳು. ಮಗಳು ಹುಟ್ಟಿದ ಮೇಲೆ ಕಂಪ್ಯೂಟರ್ ಮುಟ್ಟಿರಲಿಲ್ಲ. ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ನನಗೆ ನಾನೇ ಹಳಸಿಹೋದ ಹಾಗೆ ಅನಿಸತೊಡಗಿತ್ತು. ಕೆಲಸಕ್ಕೆ ಹೋಗುತ್ತೇನೆ ಎಂದಾಗ ಅತ್ತೆ ಬೇಡವೆನ್ನಲಿಲ್ಲ, ಆದರೆ ಲೆಕ್ಕಾಚಾರದ ಹೆಂಗಸು. "ಮೂರ್ ತಿಂಗ್ಳು ಮಗೀನ ನಾನ್ ನೋಡ್ಕತೀನಿ ಕಣವ್ವ. ಅವ್ರು ಪರ್ಮನೆಂಟ್ ಮಾಡ್ಕಂಡ್ರೆ ಸರಿ. ಇಲ್ದಿದ್ರೆ ಸುಮ್ನೆ ಮನೇಲಿರು, ನಂಗೂ ಮಂಡಿ ನೋವು" ಎಂದಿದ್ದರು. ಕಂಪನಿಯವರ ಮಾತೂ ಅದೇ. ಮೂರು ತಿಂಗಳು ನೋಡಿ, ಆಮೇಲೆ ಗಟ್ಟಿ. ಹಾಗಾಗಿ ಜೂನ್ ತಿಂಗಳ ಆ ಸೋಮವಾರ ಮಹಡಿ ಮೆಟ್ಟಿಲು ಹತ್ತುವಾಗ ಸೆಪ್ಟೆಂಬರಿನ ಚಿಂತೆ ನನ್ನ ಬೆನ್ನಿಗೇ ಇತ್ತು.

ಆದರೆ ನನ್ನ ಕೆಲಸ ಏನು ಅನ್ನುವುದೇ ಗೊತ್ತಾಗಲಿಲ್ಲ. ಅಕ್ಕ ತಮ್ಮ ಮೇಜಿನ ಎದುರಿಗೆ ಒಂದು ಕುರ್ಚಿ ಹಾಕಿಸಿದರು. ಪಕ್ಕಕ್ಕಲ್ಲ, ಎದುರಿಗೆ. ಕೈಗೆ ಆಫೀಸಿನ ಫೋನು ಕೊಟ್ಟು, "ಇದು ಬಡ್ಕೊಂಡ್ರೆ ಎತ್ತು. ಎಂತ ಹೇಳ್ತಾರೆ ಕೇಳು. ನಂಗೆ ಹೇಳು" ಎಂದರು. ಅಷ್ಟೇ. ಕೋಡ್ ಬರೆಯಲು ಬಂದವಳಿಗೆ ಫೋನು. ಎರಡು ದಿನದ ಮಟ್ಟಿಗೆ ಇರಬಹುದು, ಆಮೇಲೆ ನಿಜವಾದ ಕೆಲಸ ಕೊಡುತ್ತಾರೆ ಎಂದುಕೊಂಡೆ. ಎರಡು ವಾರವಾದರೂ ಫೋನೇ.

ಫೋನಿನ ಆಚೆಯವರೋ ದೇವರಿಗೇ ಪ್ರೀತಿ. ಒಬ್ಬರು ಕೊಡವ ಭಾಷೆಯಲ್ಲಿ ಶುರುಮಾಡಿ ಕನ್ನಡಕ್ಕೆ ಹಾರಿ ಇಂಗ್ಲಿಷಿನಲ್ಲಿ ಬೈದು ಮುಗಿಸುತ್ತಿದ್ದರು. ಕುಟ್ಟದ ಕಡೆಯ ಒಬ್ಬ ಮಲಯಾಳಿ ರೈಟರ್ ದಿನವೂ "ಒನ್ನುಂ ಶರಿಯಾಯಿಲ್ಲ ಮೋಳೇ" ಎಂದು ನಿಟ್ಟುಸಿರು ಬಿಡುತ್ತಿದ್ದ. ಒಂದೂ ಸರಿಯಾಗಲಿಲ್ಲ ಮಗಳೇ ಎಂದು. ನನಗೂ ಅದೇ ಅನಿಸುತ್ತಿತ್ತು. ಇದನ್ನೆಲ್ಲ ಶುದ್ಧ ಮಾಡಿ, ಕಾಲೇಜಿನಲ್ಲಿ ಕಲಿಸಿದ ಹಾಗೆ, "ಮೇಡಂ, ಹಾಜರಿ ಸೇವ್ ಆಗುವುದರಲ್ಲಿ ಒಂದು ಇಶ್ಯೂ ಇದೆಯಂತೆ" ಎಂದರೆ ಅಕ್ಕನಿಗೆ ಸಿಟ್ಟು.

"ಇಶ್ಯೂ ಗಿಶ್ಯೂ ಬೇಡ. ಅವರು ಎಂತ ಹೇಳಿದ್ರು? ಅವರ ಮಾತಲ್ಲೇ ಹೇಳು."

ಹೇಳಬೇಕು. ಅದೂ ಅವರ ಮುಖಕ್ಕೆ ಮುಖ ಕೊಟ್ಟು. ಪರದೆ ನೋಡುತ್ತಲೋ ಬಳೆ ಸರಿಮಾಡಿಕೊಳ್ಳುತ್ತಲೋ ಹೇಳಿದರೆ, "ಇಲ್ಲಿ ನೋಡಿ ಹೇಳು" ಎಂದು ಮೇಜಿಗೆ ಪೆನ್ನು ಕುಟ್ಟುತ್ತಿದ್ದರು. ಹೇಳಿದ ಮೇಲೂ ಬಹಳ ಸಲ ಒಂದೇ ಮಾತು. "ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳು." ಕಂಪನಿ ಕಟ್ಟಿದ ಹೆಂಗಸಿಗೆ ಇಷ್ಟು ಸಣ್ಣ ಮಾತು ಅರ್ಥವಾಗುವುದಿಲ್ಲವೇ? ಇದು ಯಾವುದೋ ಪರೀಕ್ಷೆ ಇರಬೇಕು, ನನ್ನ ತಾಳ್ಮೆ ಅಳೆಯುತ್ತಿದ್ದಾರೆ ಎಂದುಕೊಂಡೆ. ಪರೀಕ್ಷೆ ಎಂದರೆ ಪಾಸಾಗಬೇಕಲ್ಲ, ಹಲ್ಲು ಕಚ್ಚಿ ಎರಡನೇ ಸಲ ಹೇಳುತ್ತಿದ್ದೆ.

ಅದಕ್ಕಿಂತ ಹಿಂಸೆ ಎಂದರೆ ಅವರು ನನ್ನ ಬಾಯಿಯನ್ನು ನೋಡುತ್ತಿದ್ದ ರೀತಿ. ಕಣ್ಣನ್ನಲ್ಲ, ಬಾಯಿಯನ್ನು. ಮೊದಲ ವಾರ ಹಲ್ಲಿನ ಸಂದಿಯಲ್ಲಿ ಸೊಪ್ಪು ಸಿಕ್ಕಿಕೊಂಡಿದೆ ಎಂದುಕೊಂಡು ಪ್ರತಿ ಫೋನಿಗೂ ಒಮ್ಮೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಆಮೇಲೆ ತುಟಿಗೆ ಹಚ್ಚುತ್ತಿದ್ದ ಬಣ್ಣ ಬಿಟ್ಟೆ. ಬೆಳ್ಳುಳ್ಳಿ ಒಗ್ಗರಣೆ ಬಿಟ್ಟೆ. ಮನೆಯಲ್ಲಿ ಕನ್ನಡಿಯೆದುರು ನಿಂತು ಮಾತಾಡಿ ನೋಡಿಕೊಂಡೆ. ಗಂಡ, "ಆಫೀಸಲ್ಲಿ ನಾಟಕ ಏನಾದ್ರೂ ಮಾಡಿಸ್ತಾರಾ?" ಎಂದು ಕೇಳಿದರು.

ಸಂಜೆ ಅತ್ತೆಯ ವಿಚಾರಣೆ ತಪ್ಪುತ್ತಿರಲಿಲ್ಲ. "ಇವತ್ತೇನ್ ಕೆಲ್ಸ ಮಾಡ್ದೆ?"

"ಫೋನಲ್ಲಿ ಮಾತಾಡ್ದೆ. ಅವ್ರು ಹೇಳಿದ್ದನ್ನ ಇನ್ನೊಬ್ರಿಗೆ ಹೇಳ್ದೆ."

"ಅವ್ರಿಗೇನು ಕಿವಿ ಇಲ್ವಾ?" ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಆ ವರ್ಷದ ಮಳೆಗಾಲದಲ್ಲಿ ನಮ್ಮ ಆಫೀಸಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ತಗಡಿನ ಮೇಲೆ ಮಳೆ ಸುರಿಯುತ್ತಿದ್ದರೆ ಜಲ್ಲಿ ಲಾರಿ ಖಾಲಿ ಮಾಡಿದ ಹಾಗೆ. ಸರ್ ಕಿರುಚುತ್ತಿದ್ದರು, ಉಳಿದವರು "ಆಂ? ಆಂ?" ಎನ್ನುತ್ತ ಕಿವಿಗೆ ಕೈ ಇಡುತ್ತಿದ್ದರು. ನಾನು ಫೋನು ಹಿಡಿದು ಮೆಟ್ಟಿಲ ಕೆಳಗೆ ಗೋಡೌನಿಗೆ ಓಡಿ ಮಾತಾಡಿ ಬರುತ್ತಿದ್ದೆ. ಅಕ್ಕ ಒಬ್ಬರೇ ಆ ಗದ್ದಲದಲ್ಲೂ ನೆಮ್ಮದಿಯಾಗಿ ಕೂತು, ನಾನು ಉಸಿರು ಬಿಡುತ್ತ ಬಂದು ಮೆಲ್ಲಗೆ ಹೇಳಿದರೂ ತಲೆಯಾಡಿಸುತ್ತಿದ್ದರು. ಎಂಥ ಚುರುಕು ಕಿವಿ ಎಂದು ಬೆರಗಾಗುತ್ತಿದ್ದೆ. ಸೊಪ್ಪಿನ ಗುಟ್ಟು ಹುಡುಕುತ್ತಿದ್ದ ನನ್ನ ತಲೆಗೆ ಇದು ಹೊಳೆಯಲೇ ಇಲ್ಲ ನೋಡಿ.

ಜುಲೈನಲ್ಲಿ ಒಂದು ದಿನ ವಯಸ್ಸಾದ ಪ್ಲಾಂಟರ್ ಒಬ್ಬರು ಫೋನು ಮಾಡಿ ಹರಿಹಾಯ್ದರು. ಅವರ ತೋಟದಲ್ಲಿ ಒಂದೇ ರಾತ್ರಿ ಅರವತ್ತು ಇಂಚು ಮಳೆ ಬಿದ್ದಿದೆ ಎಂದು ನಮ್ಮ ಸಾಫ್ಟ್‌ವೇರ್ ತೋರಿಸುತ್ತಿತ್ತು. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಬಿದ್ದದ್ದು ಅರವತ್ತು ಸೆಂಟು. ನಾನು ಅಕ್ಕನಿಗೆ, "ಮಳೆ ತಪ್ಪಾಗಿ ತೋರಿಸ್ತಿದೆ" ಎಂದೆ.

"ಅವರ ಮಾತಲ್ಲಿ."

ನನಗೂ ಸಾಕಾಗಿತ್ತು. ಮುಖಕ್ಕೆ ಮುಖ ಕೊಟ್ಟು ಒಂದಕ್ಷರ ಬಿಡದೆ ಒಪ್ಪಿಸಿದೆ: "ಏನಮ್ಮಾ, ಕಾವೇರಿ ನಮ್ಮ ಅಂಗಳದಲ್ಲೇ ಹುಟ್ಟಿದ್ದಾಳಾ? ನಿಮ್ಮಕ್ಕನಿಗೆ ಹೇಳು, ದೋಣಿ ಕಳಿಸ್ಲಿಕ್ಕೆ. ಚುಕ್ಕಿ ಹಾಕಿ ಅರವತ್ತು ಒತ್ತಿದ್ದು ನಾನು, ನನ್ನ ಬೆರಳು ಎಂತ ಭತ್ತದ ಕಡ್ಡಿಯಾ ಅಷ್ಟು ಸಣ್ಣ ಚುಕ್ಕಿ ಒತ್ಲಿಕ್ಕೆ?"

ಅಕ್ಕ ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಕೊನೇದು ಇನ್ನೊಂದ್ಸಲ ಹೇಳು" ಎಂದರು. ಬೆರಳಿನ ಮಾತು ಮತ್ತೆ ಹೇಳಿದೆ. ತಕ್ಷಣ ಪರದೆ ಕಡೆ ತಿರುಗಿ ಚುಕ್ಕಿಯ ಗುಂಡಿಯನ್ನೇ ತೆಗೆದುಹಾಕಿ, ಇಂಚಿಗೊಂದು ಸೆಂಟಿಗೊಂದು ಎರಡು ದೊಡ್ಡ ಮನೆಗಳನ್ನು ಮಾಡಿದರು. "ನೀನು ತಪ್ಪು ತೋರಿಸ್ತದೆ ಅಂದ್ರೆ ನಾನು ಎಲ್ಲಿ ಹುಡುಕ್ಲಿ? ಅವರು ಬೈದದ್ರಲ್ಲೇ ಎಲ್ಲ ಉಂಟಲ್ಲ" ಎಂದರು. ಆ ದಿನ ಮೊದಲ ಸಲ ಅವರ ಫ್ಲಾಸ್ಕಿನ ಕಾಫಿಯಲ್ಲಿ ನನಗೂ ಅರ್ಧ ಸಿಕ್ಕಿತು. ಅಂದಿನಿಂದ ಮೇಡಂ ಎನ್ನುವುದು ಬಿಟ್ಟು ನಾನೂ ಅಕ್ಕ ಎಂದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿಗೆ ಬಂತು.

ಆದರೂ ಗೊಂದಲ ಹೋಗಲಿಲ್ಲ. ಹೀಗೆ ಬೈಗುಳ ಹೊತ್ತು ತರುವುದೇ ನನ್ನ ಕೆಲಸವಾದರೆ ಅದಕ್ಕೆ ಹೆಸರೇನು? ಸರ್ ವಾರಕ್ಕೆರಡು ದಿನ ಆಫೀಸಿಗೆ ಬಂದಾಗ ನನ್ನ ಕುರ್ಚಿಯ ಕಡೆ ಒಮ್ಮೆ ನೋಡಿ, ಏನೋ ಕೇಳಬೇಕೆಂದು ಹೊರಟು, ಕೇಳದೆ ಹೋಗುತ್ತಿದ್ದರು. ಅವರಿಗೂ ಗೊಂದಲವೇ ಇತ್ತು. ಅಕ್ಕ ಮಾತ್ರ ಸಂಜೆ ಹೊತ್ತು ಒಂದಿಷ್ಟು ಕೋಡ್ ತೋರಿಸಿ, "ಇದನ್ನ ಓದು. ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅನ್ನು. ಗೊತ್ತಾದ ಹಾಗೆ ತಲೆ ಆಡಿಸ್ಬೇಡ. ಅಷ್ಟು ವರ್ಷ ಮನೇಲಿದ್ದೆ ಅಂತ ನಾಚಿಕೆ ಎಂತದಕ್ಕೆ? ನಂಗೂ ದಿನಾ ಎಷ್ಟೋ ಗೊತ್ತಾಗೋದಿಲ್ಲ" ಎನ್ನುತ್ತಿದ್ದರು. ಹಿರಿಯರೊಬ್ಬರು ಹೀಗೆ ಹೇಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ಎದೆಯ ಮೇಲಿನ ಒಂದು ಕಲ್ಲು ಆ ಮಾತಿನಿಂದಲೇ ಇಳಿಯಿತು.

ಸೆಪ್ಟೆಂಬರಿನ ಮೊದಲ ವಾರ ಕೈಲ್ ಮುಹೂರ್ತ ಬಂತು. ಗದ್ದೆ ನಾಟಿ ಮುಗಿದ ಮೇಲೆ ಕೊಡವರು ಕೋವಿ, ಕತ್ತಿಗಳನ್ನು ದೇವರ ಮುಂದೆ ಇಟ್ಟು ಪೂಜಿಸುವ ಹಬ್ಬ. ನಮ್ಮ ಕಂಪನಿಯ ಪೂಜೆಯೂ ಅಂದೇ, ಸರ್ ಅವರ ತೋಟದ ಮನೆಯಲ್ಲಿ. ನಡುಮನೆಯ ನೆಲ್ಲಕ್ಕಿಯ ದೀಪದ ಮುಂದೆ ಮೂರು ಕೋವಿ, ಅದರ ಪಕ್ಕ ಸಾಲಾಗಿ ನಮ್ಮ ಲ್ಯಾಪ್‌ಟಾಪುಗಳು, ಎಲ್ಲದಕ್ಕೂ ಗಂಧದ ಬೊಟ್ಟು, ಎಲ್ಲದರ ಮೇಲೂ ಬೆಂಕಿಯ ಬಣ್ಣದ ತೋಕ್ ಪೂ, ಕೋವಿ ಹೂವು. ನನ್ನ ಆಫೀಸ್ ಫೋನಿಗೂ ಒಂದು ಹೂವು ಸಿಕ್ಕಿತ್ತು. ಎಲ್ಲರೂ ಅಕ್ಕಿ ಉಂಡೆಯ ಕಡಂಬುಟ್ಟಿಗೆ ಹಂದಿ ಮಾಂಸದ ಪಂದಿ ಕರಿ ಹಾಕಿಸಿಕೊಂಡರೆ, ನನಗೆಂದು ಅಕ್ಕ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಕರಿ ಮಾಡಿ ತಂದಿದ್ದರು. "ನಿಮ್ಮವರು ತಿನ್ನೋದಿಲ್ಲ ಅಲ್ವಾ, ಬೇರೆ ಸೌಟೇ ಹಾಕಿದ್ದೇನೆ" ಎಂದು ನನ್ನ ತಟ್ಟೆಗೆ ಬಡಿಸಿದರು.

ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಂಗಳದಾಚೆ ಮರದ ತುದಿಗೆ ಕಾಯಿ ಕಟ್ಟಿದ್ದರು. ಮಳೆ ಬಿಟ್ಟು ವಾರವಾಗಿತ್ತು, ಎಲೆ ಅಲುಗಿದರೂ ಕೇಳುವಷ್ಟು ಮೌನ. ಅಕ್ಕ ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ನಿಂತು, ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದರು. ನಾನು ಅವರ ಎದುರಿಗೆ ತಟ್ಟೆ ಹಿಡಿದು ನಿಂತಿದ್ದೆ.

ಕೋವಿ ಢಮ್ ಎಂದಿತು. ನನ್ನ ಕೈಯಿಂದ ತಟ್ಟೆ ಜಾರಿ ಬಿತ್ತು. ಜೀಪಿನ ಕೆಳಗಿದ್ದ ನಾಯಿ ಬಾಲ ಮುದುರಿ ಓಡಿತು, ಮರದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಅಕ್ಕನ ಕೈ ಅಲುಗಲಿಲ್ಲ. ಕಾಫಿಯ ಧಾರೆ ತುಂಡಾಗಲಿಲ್ಲ, ಲೋಟ ತುಂಬುವವರೆಗೂ ಹಾಗೇ ಇಳಿಯುತ್ತಿತ್ತು. ಆಮೇಲೆ ಕೆಳಗೆ ಬಿದ್ದ ತಟ್ಟೆ ಕಂಡು, "ಎಂತ ಆಯ್ತು?" ಎಂದು ಮುಖ ಎತ್ತಿದರು.

ಸೊಪ್ಪು, ಬೆಳ್ಳುಳ್ಳಿ, ಪರೀಕ್ಷೆ, ತಾಳ್ಮೆ, ಜಿಗಣೆ. ಮೂರು ತಿಂಗಳಿನ ನನ್ನ ಪೆದ್ದು ಲೆಕ್ಕವೆಲ್ಲ ಅಲ್ಲೇ ಕುಸಿದು ಬಿತ್ತು. ನನಗೆ ಅಳು ಬಂತು, ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ನನ್ನ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು. ಹಿಂದೆ ತಿರುಗಿ ಅಂಗಳದಲ್ಲಿನ ಹೊಗೆಯನ್ನೂ, ಕೋವಿ ಇಳಿಸುತ್ತಿದ್ದ ಸರ್ ಅವರನ್ನೂ ನೋಡಿ, ಮತ್ತೆ ನನ್ನ ಕಡೆ ತಿರುಗಿದರು.

"ಬಿತ್ತಾ ಕಾಯಿ?" ಎಂದರು.

"ಇಲ್ಲ ಅಕ್ಕ."

"ನಂಗೂ ಎರಡು ವರ್ಷದಿಂದ ಬೀಳ್ತಾ ಇಲ್ಲ ಕಿವಿಗೆ. ಮೊದ್ಲು ಬಲಗಿವಿ, ಈಗ ಎರಡೂ." ಲೋಟಗಳನ್ನು ಸಾಲಾಗಿ ಜೋಡಿಸುತ್ತ ಮೆಲ್ಲಗೆ ಹೇಳಿದರು. "ಅವಂಗೆ ಹೇಳ್ಬೇಡ. ಗೊತ್ತಾದ್ರೆ ಮನೆಗೆ ಕಳಿಸ್ತಾನೆ. ಬೈದು ಅಲ್ಲ, ಒಳ್ಳೆ ಮನಸ್ಸಿಂದಲೇ ಕಳಿಸ್ತಾನೆ, ಅಕ್ಕ ಇನ್ನು ರೆಸ್ಟ್ ತಕೊಳ್ಳಿ ಅಂತ. ಅದನ್ನ ಹೇಗೆ ಬೇಡ ಅನ್ನೋದು? ಮನೇಲಿ ಕೂತು ಎಲ್ಲರ ಬಾಯಿ ನೋಡ್ತಾ ಇರ್ಲಾ ನಾನು?"

ಇಲ್ಲ, ಹೇಳುವುದಿಲ್ಲ ಎಂದೆ. ಕಣ್ಣೊರೆಸಿಕೊಂಡು ಕಾಫಿ ಹಂಚಲು ಹೋದೆ. ಆಗ ಅದು ಸುಲಭದ ಮಾತಾಗಿತ್ತು.

ಹಬ್ಬ ಮುಗಿದ ಮೇಲಿನ ಸೋಮವಾರ ಸರ್ ನಮ್ಮಿಬ್ಬರನ್ನೂ ಒಳಗಿನ ಕೋಣೆಗೆ ಕರೆದರು. ನನ್ನ ಮೂರು ತಿಂಗಳು ಮುಗಿದಿತ್ತು. ಅಕ್ಕ ಒಂದು ಕಡೆ, ನಾನು ಅವರೆದುರು ಕೂತೆವು. ಸರ್ ಕೂರಲಿಲ್ಲ. ಕಷ್ಟದ ಮಾತನ್ನು ಮುಖ ನೋಡಿ ಹೇಳಲು ಬಾರದ ಮನುಷ್ಯ, ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು.

"ನೋಡಿ, ಬೇಜಾರು ಮಾಡ್ಬೇಡಿ" ಎಂದು ಹೊರಗಿನ ರಸ್ತೆಗೆ ಹೇಳಿದರು. "ಮೂರು ತಿಂಗಳಿಂದ ನೋಡ್ತಾ ಇದ್ದೇನೆ. ನೀವು ಇಲ್ಲಿ ಎಂತ ಕೆಲಸ ಮಾಡ್ತೀರಿ ಅಂತ ನಂಗೆ ಗೊತ್ತಾಗ್ತಾ ಇಲ್ಲ. ಪಿಕ್ಕಿಂಗ್ ಶುರು ಆಗುವ ಮೊದ್ಲು ನಂಗೆ ಕೋಡ್ ಬರೆಯುವವರು ಬೇಕು. ಈ ತಿಂಗಳಿಗೆ ಸಾಕು ಅಂತ."

ನಾನು ಮಾಡುವ ಕೆಲಸಕ್ಕೆ ಹೆಸರು ಈಗ ನನಗೆ ಗೊತ್ತಿತ್ತು. ಒಂದೇ ಮಾತು ಹೇಳಿದರೆ ಸಾಕಿತ್ತು, ಕುರ್ಚಿ ಉಳಿಯಬಹುದಿತ್ತು. ಆದರೆ ಆ ಮಾತು ಹೇಳಿದರೆ ಎದುರು ಕೂತವರ ಕುರ್ಚಿ ಹೋಗುತ್ತಿತ್ತು. ಮನೆಯಲ್ಲಿ ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಸಂಜೆಗೆ ಕಾಯುತ್ತಿರುತ್ತಾರೆ, ನಾಳೆಯಿಂದ ಅಡುಗೆಮನೆಯ ಅದೇ ಕಿಟಕಿ.

ಅಕ್ಕ ಸರ್ ಅವರ ಬೆನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅವ ಎಂತ ಹೇಳಿದ?"

ನಾನು ಬೇಡ ಎಂಬಂತೆ ತಲೆಯಾಡಿಸಿದೆ. ಸರ್ ಎದುರಿಗೆ ಅವರು ಹಿಂದೆಂದೂ ಹೀಗೆ ಕೇಳಿರಲಿಲ್ಲ.

"ಅವನ ಮಾತಲ್ಲೇ ಹೇಳು."

"ಮೂರು ತಿಂಗಳಿಂದ ನೋಡ್ತಾ ಇದ್ದಾರಂತೆ ಅಕ್ಕ, ಅವ್ರಿಗೆ..."

"ಅಂತೆ ಗಿಂತೆ ಬೇಡ. ಇಲ್ಲಿ ನೋಡು. ಅವ ಹೇಳಿದ ಹಾಗೆ."

ನೋಡಿದೆ. ಅವರ ಕಣ್ಣು ಎಂದಿನ ಹಾಗೆ ನನ್ನ ಬಾಯಿಯ ಮೇಲಿತ್ತು. ನನ್ನನ್ನು ಕೆಲಸದಿಂದ ತೆಗೆಯುವ ಮಾತನ್ನು, ಒಂದಕ್ಷರ ಬಿಡದೆ, ನನ್ನ ಬಾಯಿಂದಲೇ ಹೇಳಿದೆ. "ನೀವು ಇಲ್ಲಿ ಎಂತ ಕೆಲಸ ಮಾಡ್ತೀರಿ ಅಂತ ನಂಗೆ ಗೊತ್ತಾಗ್ತಾ ಇಲ್ಲ. ಪಿಕ್ಕಿಂಗ್ ಶುರು ಆಗುವ ಮೊದ್ಲು ನಂಗೆ ಕೋಡ್ ಬರೆಯುವವರು ಬೇಕು." ಕೊನೆಗೆ ಬರುವಾಗ ತುಟಿ ನಡುಗಿ ಮಾತು ಒಡೆಯಿತು.

"ಕೊನೇದು ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ."

"ಈ ತಿಂಗಳಿಗೆ ಸಾಕು" ಎಂದೆ.

ಸರ್ ಅಷ್ಟರಲ್ಲಿ ತಿರುಗಿ ನಿಂತಿದ್ದರು. ಅವರು ನಮ್ಮಿಬ್ಬರನ್ನೂ ಬಾಯಿ ಬಿಟ್ಟು ನೋಡುತ್ತಿದ್ದರು. ಅಕ್ಕ ಅವರ ಕಡೆ ಮುಖ ಮಾಡಿದರು.

"ನೋಡಿದ್ಯಲ್ಲ ಮೋನೆ, ಇದೇ ಅವಳ ಕೆಲಸ. ನಂಗೆ ಕಿವಿ ಕೇಳೋದಿಲ್ಲ."

ಕೆಳಗೆ ಗೋಡೌನಿನಲ್ಲಿ ಯಾರೋ ಮೂಟೆ ಒಗೆಯುತ್ತಿದ್ದ ಸದ್ದು ನನಗೂ ಸರ್‌ಗೂ ಕೇಳುತ್ತಿತ್ತು. ಸರ್ ಮೆಲ್ಲಗೆ ಬಂದು ಅಕ್ಕನ ಮುಂದೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ಬಾಯಿ ದೊಡ್ಡದು ಮಾಡಿ, "ಯಾವಾಗಿಂದ ಅಕ್ಕಾ?" ಎಂದು ಕೂಗಿದರು.

"ಕಿರುಚ್ಬೇಡ. ಬೆನ್ನು ಹಾಕಿ ಮಾತಾಡದಿದ್ರೆ ಸಾಕು."

ಅಕ್ಕ ಹೇಳಿದ್ದ ಹಾಗೆಯೇ ಆಯಿತು. ಸರ್ ಒಳ್ಳೆಯ ಮನಸ್ಸಿನಿಂದಲೇ ರೆಸ್ಟ್ ತೆಗೆದುಕೊಳ್ಳಿ ಎಂದರು, ವಾರವಿಡೀ ಅಂದರು. ಅಕ್ಕ ಪ್ರತಿ ಸಲವೂ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು ಎಂದರು. ಕೊನೆಗೆ ಸರ್ ಸೋತು, "ಸರಿ, ಇಬ್ರೂ ಇರಿ" ಎಂದು ಕೈ ಮುಗಿದರು. ಮೇಜುಗಳನ್ನೆಲ್ಲ ತಿರುಗಿಸಿ, ಯಾರು ಎಲ್ಲಿ ಕೂತರೂ ಮುಖ ಅಕ್ಕನ ಕಡೆಗೇ ಬರುವ ಹಾಗೆ ಹಾಕಿಸಿದರು. ಅಂದು ಸಂಜೆ ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ತಮ್ಮ ಹಳೆಯ ಕಿವಿಯ ತಮಾಷೆ ನೆನಪಾಗಿ ಬಾಯಿ ಮೇಲೆ ಸೆರಗಿಟ್ಟುಕೊಂಡು, "ಅಯ್ಯೋ, ಆಡ್ಬಾರದ್ ಮಾತಾಡ್ಬಿಟ್ನಲ್ಲ ಕಣವ್ವ" ಎಂದು ಪೇಚಾಡಿದರು. ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಅಕ್ಕನ ಎದುರಿಗೆ ಇನ್ನೂ ಮೂರು ಮಳೆಗಾಲ ಕೂತೆ. ಮೈಸೂರಿನಿಂದ ಕಿವಿಯ ಯಂತ್ರ ತಂದರು, ತಗಡಿನ ಮಳೆಯಲ್ಲಿ ಅದು ಮಳೆಯನ್ನೇ ಇನ್ನಷ್ಟು ದೊಡ್ಡದಾಗಿ ಕೇಳಿಸಿತೆಂದು ಡ್ರಾಯರಿಗೆ ಹಾಕಿದರು. ಕೋಡ್ ಬರೆಯುವುದನ್ನು ಅವರೇ ಮತ್ತೆ ಕಲಿಸಿದರು. ಈಗ ಸರ್‌ಗೆ ನನ್ನ ಕೆಲಸ ಏನೆಂದು ಗೊತ್ತು, ನನಗೂ ಸುಮಾರಾಗಿ ಗೊತ್ತು. ಒಂದು ಮಾತ್ರ ಗೊತ್ತಾಗದೆ ಉಳಿದಿತ್ತು. ಆ ಸೋಮವಾರ ಅಕ್ಕ "ಅವ ಎಂತ ಹೇಳಿದ" ಎಂದು ಕೇಳಿದ್ದು ಅಭ್ಯಾಸಬಲದಿಂದಲೋ, ಬೇಕೆಂದೇ ಕೇಳಿದ್ದೋ? ಬೆನ್ನು ಹಾಕಿ ನಿಂತವನು ಏನು ಹೇಳಿರಬಹುದೆಂದು ನನ್ನ ಮುಖವೇ ಹೇಳುತ್ತಿರಲಿಲ್ಲವೇ? ಎರಡು ವರ್ಷ ಬಚ್ಚಿಟ್ಟದ್ದನ್ನು ಅವರು ನನಗಾಗಿ ಹೊರಗೆ ಹಾಕಿದರೋ, ಅದು ತಾನಾಗಿ ಬಿದ್ದುಹೋಯಿತೋ? ನೂರು ಸಲ ಕೇಳಬೇಕೆಂದುಕೊಂಡೆ. ಎದುರು ಕೂತಾಗ ಕೇಳಲು ಸಂಕೋಚ.

ಕಳೆದ ಜುಲೈನಲ್ಲಿ ಅಕ್ಕ ಹಾಸಿಗೆ ಹಿಡಿದರು. ರಕ್ತದ ಕಾಯಿಲೆ, ಡಾಕ್ಟರು ಕೈ ಚೆಲ್ಲಿದ್ದರು. ನೋಡಲು ಹೋದಾಗ ತಮ್ಮನ ಮನೆಯ ಚಿಕ್ಕ ಕೋಣೆಯಲ್ಲಿ ಮಲಗಿದ್ದರು. ನಾನು ಬಾಗಿಲಲ್ಲೇ ನಿಂತದ್ದನ್ನು ಕಂಡು, "ಬೆಳಕಿಗೆ ಬಾ, ಬಾಯಿ ಕಾಣೋದಿಲ್ಲ" ಎಂದರು. ಕಿಟಕಿಯ ಹತ್ತಿರ ಕೂತೆ. ಈ ಸಲ ಕೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬಂದದ್ದೇ ಬೇರೆ. "ಅಕ್ಕ, ತಾವು ಅಂದು ಮಾಡಿದ ಉಪಕಾರವನ್ನು ನಾನು ಜೀವನದಲ್ಲಿ ಮರೆಯುವುದಿಲ್ಲ. ತಮಗೆ ನಾನು ಸದಾ ಚಿರಋಣಿ" ಎಂದೆ. ಸನ್ಮಾನ ಸಮಾರಂಭದಲ್ಲಿ ಓದುವ ಹಾಗಿತ್ತು.

"ಅರ್ಥ ಆಗ್ಲಿಲ್ಲ" ಎಂದರು ಅಕ್ಕ.

ಮತ್ತೆ ಹೇಳಿದೆ, ನಿಧಾನವಾಗಿ, ತುಟಿ ಚೆನ್ನಾಗಿ ಕಾಣುವ ಹಾಗೆ. ಅವರು ದಿಂಬಿನ ಮೇಲೆ ತಲೆಯನ್ನು ಸ್ವಲ್ಪ ಆಚೀಚೆ ಆಡಿಸಿದರು.

"ಅದು ಯಾರ ಮಾತು? ನಿನ್ನ ಮಾತಲ್ಲಿ ಹೇಳು."

ಜೋಡಿಸಿಕೊಂಡದ್ದೆಲ್ಲ ಮರೆತು ಹೋಯಿತು. "ಹೋಗ್ಬೇಡಿ ಕಣಕ್ಕ" ಎಂದೆ. "ನಂಗೇನೂ ಗೊತ್ತಾಗಾಕಿಲ್ಲ ನೀವಿಲ್ದಿದ್ರೆ."

"ಹಾಂ, ಈಗ ಅರ್ಥ ಆಯ್ತು" ಎಂದು ನನ್ನ ಕೈ ಹಿಡಿದರು. ಆ ವಾರದ ಕೊನೆಯಲ್ಲಿ, ಹೊರಗೆ ಜೋರು ಮಳೆ ಬರುತ್ತಿದ್ದಾಗ, ಹೋದರು. ಕೇಳಬೇಕೆಂದಿದ್ದದ್ದು ಹಾಗೇ ಉಳಿಯಿತು. ಆಫೀಸಿನಲ್ಲಿ ಅವರ ಕುರ್ಚಿ ಈಗಲೂ ನನ್ನ ಎದುರಿಗೇ ಇದೆ. ಫೋನು ಇಟ್ಟ ಮೇಲೆ ಅದರ ಕಡೆ ಮುಖ ಮಾಡಿ, ಆಚೆಯವರು ಅಂದದ್ದನ್ನು ಒಮ್ಮೆ ಅವರ ಮಾತಲ್ಲೇ ಹೇಳಿಕೊಳ್ಳುತ್ತೇನೆ.